ಬಾಯಿಗೆ ಹಚ್ಚಿದ ಮೈಲುತುತ್ತ

ಗುತ್ತೆವ್ವನ ಬಾಯಿ ಉರಿಯಲು ಶುರುವಾಗಿದ್ದು ಎಂಬತ್ನಾಲ್ಕನೇ ಇಸವಿಯ ಸಂಕ್ರಮಣದ ಹೊತ್ತಿಗೆ. ಸವಣೂರಿನಲ್ಲೇ ಹುಟ್ಟಿ, ಸವಣೂರಿನ ಖಾರ ಎಂಬ ಕುರುಕಲು ತಿಂಡಿ ತಿಂದೇ ದೊಡ್ಡವಳಾದ ಹೆಂಗಸು ಒಂದು ಸಂಜೆ ಖಾರದ ಪೊಟ್ಟಣವನ್ನು ಬಿಚ್ಚದೆ ಪಕ್ಕಕ್ಕೆ ಸರಿಸಿದಳು. ಗಂಡ ಚೌಡಪ್ಪನಿಗೆ ಸೋಜಿಗವಾಯಿತು.

“ಯಾಕ, ಇವತ್ತ ಉಪಾಸ ಏನರ ಹಿಡದೀಯೇನು?”

“ಉಪಾಸ ಎಲ್ಲಿದು. ಎಡಗಲ್ಲದ ಒಳಗ ಉರಿತೈತಿ. ತಿಂಗಳಾತು.”

“ಉಷ್ಣ ಆಗಿರಬೇಕು. ಮಜ್ಜಿಗಿ ಕುಡಿ.”

ನಮ್ಮ ಕಡೆ ಬಾಯಿಯೊಳಗೆ ಏನೇ ಆಗಲಿ, ಉಷ್ಣ ಎಂದು ಹೆಸರಿಟ್ಟರೆ ಅರ್ಧ ವಾಸಿಯಾದಂತೆ. ಗುತ್ತೆವ್ವ ಹತ್ತು ದಿನ ಮಜ್ಜಿಗೆ ಕುಡಿದಳು. ಉರಿ ಹೋಗಲಿಲ್ಲ. ಆಮೇಲೆ ಚೌಡಪ್ಪನೇ ಅವಳನ್ನು ಬಿಸಿಲಿಗೆ ಕೂಡಿಸಿ ಬಾಯಿ ತೆರೆಸಿದ. ಗಲ್ಲದ ಒಳಗೆ ಅವರೆಕಾಳಿನಷ್ಟು ಬಿಳಿ ಮಚ್ಚೆ ಕಾಣಿಸಿತು.

ಅದು ಇದ್ದದ್ದು ಸರಿಯಾಗಿ ತಂಬಾಕು ಕೂರುವ ಜಾಗದಲ್ಲಿ. ಇಪ್ಪತ್ತು ವರ್ಷದಿಂದ ಗುತ್ತೆವ್ವ ಎಲೆಬಳ್ಳಿ ತೋಟದಲ್ಲಿ ವೀಳ್ಯದೆಲೆ ಕೊಯ್ಯುತ್ತಿದ್ದಳು. ಬೆಳಗ್ಗೆ ತಂಬಾಕಿಗೆ ಸುಣ್ಣ ತಿಕ್ಕಿ ಎಡಗಲ್ಲಕ್ಕೆ ಒತ್ತಿಕೊಂಡರೆ ಮಧ್ಯಾಹ್ನದವರೆಗೆ ಹಸಿವೆ ಗೊತ್ತಾಗುತ್ತಿರಲಿಲ್ಲ. ತೋಟದ ಹೆಂಗಸರೆಲ್ಲ ಮಾಡುತ್ತಿದ್ದದ್ದು ಹಾಗೆಯೇ. ಚೌಡಪ್ಪನೂ ತಿನ್ನುತ್ತಿದ್ದ, ಅವನದು ಬಲಗಲ್ಲ.

ಚೌಡಪ್ಪ ಬಳ್ಳಿ ಬೆಳೆಸುವುದರಲ್ಲಿ ಎತ್ತಿದ ಕೈ. ಎಲೆಗೆ ಚುಕ್ಕಿ ಬಿದ್ದರೆ, ಬಳ್ಳಿ ಕೊಳೆಯಲು ಹತ್ತಿದರೆ, ಅಕ್ಕಪಕ್ಕದ ತೋಟದವರು ಅವನನ್ನೇ ಕರೆಯುತ್ತಿದ್ದರು. ಅವನು ನೀಲಿ ಮೈಲುತುತ್ತ ಕರಗಿಸಿ, ಸುಣ್ಣದ ತಿಳಿ ಬೆರೆಸಿ ಹೊಡೆದರೆ ಬಳ್ಳಿ ಬದುಕುತ್ತಿತ್ತು. ಹೆಂಡತಿಯ ಬಾಯಿಯ ಮಚ್ಚೆ ನೋಡಿದಾಗಲೂ ಅವನ ತಲೆಗೆ ಹೊಳೆದದ್ದು ಅದೇ.

“ಎಲಿಗೆ ಹತ್ತಿದ್ದು ತುತ್ತಕ್ಕ ಹೋಗತೈತಿ. ಇದ್ಯಾಕ ಹೋಗಬಾರದು?” ಎಂದ.

ಕಡ್ಡಿಗೆ ಅರಳೆ ಸುತ್ತಿ, ತುತ್ತದ ನೀರಿನಲ್ಲಿ ಅದ್ದಿ, ಮಚ್ಚೆಗೆ ಮುಟ್ಟಿಸಿದ. ಗುತ್ತೆವ್ವ ಎರಡೂ ಕೈಯಿಂದ ಹೊರಸು ಮಂಚದ ಕಾಲು ಹಿಡಿದುಕೊಂಡು ತಾಳಿಕೊಂಡಳು. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಆದರೂ ಬಾಯಿ ಮುಚ್ಚಲಿಲ್ಲ. ಮೂರು ದಿನ ಹೀಗೇ ನಡೆಯಿತು. ನಾಲ್ಕನೇ ದಿನ ಬಿಳಿ ಪೊರೆ ಸುಲಿದು ಬಂದು ಕೆಳಗೆ ಕೆಂಪು ಮಾಂಸ ಕಂಡಿತು.

“ಬಿಳೇದು ಹೋತು,” ಎಂದು ಚೌಡಪ್ಪ ತೋಟದ ತುಂಬ ಹೇಳಿಕೊಂಡು ಬಂದ. ಪಾಪ, ಅವನಿಗೆ ಕೆಡುಕು ಮಾಡುವ ಮನಸ್ಸಿರಲಿಲ್ಲ. ಹೆಂಡತಿಯ ಮೇಲೆ ಜೀವ ಇಟ್ಟುಕೊಂಡವನು, ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಅವಳ ಮೇಲೆ ಮಾಡಿದ್ದ.

ಯುಗಾದಿ ದಾಟುವಷ್ಟರಲ್ಲಿ ಆ ಕೆಂಪು ಜಾಗ ಗಟ್ಟಿಯಾಯಿತು. ಗುತ್ತೆವ್ವನ ಬಾಯಿ ಎರಡು ಬೆರಳಿಗಿಂತ ಹೆಚ್ಚು ತೆರೆಯದಾಯಿತು. ದವಡೆಯ ಕೆಳಗೆ ಒಂದು ಗಂಟು ಕೈಗೆ ಸಿಗತೊಡಗಿತು. ಮನೆಯಲ್ಲೇ ಇದ್ದ ಚೌಡಪ್ಪನ ಅಕ್ಕ ವೀರವ್ವ ಸದ್ದಿಲ್ಲದೆ ಗುತ್ತೆವ್ವನ ತಾಟು, ನೀರಿನ ಚರಿಗೆ ಬೇರೆ ಇಟ್ಟಳು. ಗುತ್ತೆವ್ವ ಅದನ್ನು ನೋಡಿದಳು. ಅಂದಿನಿಂದ ಹಿತ್ತಲಲ್ಲಿ ಒಬ್ಬಳೇ ಕುಳಿತು ಗಂಜಿ ಕುಡಿಯುತ್ತಿದ್ದಳು.

ಓಣಿಯ ಕೂಸುಗಳಿಗೆ ಚುಚ್ಚುಮದ್ದು ಹಾಕಲು ಬರುತ್ತಿದ್ದ ನರ್ಸಬಾಯಿ ಅಖ್ತರುನ್ನೀಸಾ ಒಂದು ದಿನ ನೀರು ಕೇಳಿಕೊಂಡು ಒಳಗೆ ಬಂದರು. ಗುತ್ತೆವ್ವ ಮಾತಾಡಿದ ರೀತಿಯಲ್ಲೇ ಅವರಿಗೆ ಸಂಶಯ ಬಂತು. ಚಮಚೆ ತರಿಸಿ, ಬಾಗಿಲ ಬೆಳಕಿನಲ್ಲಿ ಬಾಯಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಸಣ್ಣದಾಯಿತು.

“ಇದಕ್ಕ ಏನು ಹಚ್ಚೀರಿ ಚೌಡಪ್ಪಣ್ಣ?”

“ಮೈಲುತುತ್ತ ಹಚ್ಚೇನ್ರಿ ಬಾಯಾರ. ಬಿಳೇದೆಲ್ಲಾ ಹೋತು ನೋಡ್ರಿ.”

“ಅದು ವಿಷ ಅಲ್ಲೇನ್ರಿ? ಮ್ಯಾಲಿನ ಪೊರಿ ಸುಟ್ಟೈತಿ, ಬ್ಯಾನಿ ಒಳಗ ಹಂಗ ಐತಿ. ನನಗ ಕ್ಯಾನ್ಸರ್ ಸಂಶಯ ಬರಾಕತ್ತೈತಿ. ನಾಳೇನ ಹುಬ್ಬಳ್ಳಿ ದೊಡ್ಡ ದವಾಖಾನಿಗೆ ಕರ್ಕೊಂಡು ಹೋಗ್ರಿ.”

ವೀರವ್ವ ಬಾಗಿಲ ಮರೆಯಿಂದಲೇ ಕೇಳಿದಳು. “ಬಾಯಾರ, ಕ್ಯಾನ್ಸರ್‌ಗೂ ಎಂಥದೋ ವೈರಸ್ ಇರತೈತಿ ಅಂತ ಬಸ್ಸಿನಾಗ ಯಾರೋ ಅನ್ನಾಕತ್ತಿದ್ರು. ಅದಕ್ಕ ನಾ ತಾಟು ಬ್ಯಾರೆ ಮಾಡೇನಿ.”

“ಗಂಟಲದ ಕೆಲವು ಕ್ಯಾನ್ಸರಿಗೆ ಒಂದು ವೈರಸ್ಸೂ ಕಾರಣ ಇರಬಹುದೇನು ಅಂತ ಡಾಕ್ಟರ್ರು ಹುಡುಕಾಕತ್ತಾರ, ಅದು ಖರೆ. ಆದ್ರ ಕ್ಯಾನ್ಸರು ತಾಟಿನಿಂದ ಅಂಟಂಗಿಲ್ಲ, ನೀರಿನಿಂದ ಅಂಟಂಗಿಲ್ಲ, ಬಾಜೂಕ ಕುಂತ್ರ ಅಂಟಂಗಿಲ್ಲ. ಇಕಿ ಬಾಯಿ ಕೆಡಿಸಿದ್ದು ತಂಬಾಕ. ಅಕಿನ್ನ ಒಳಗ ಕರ್ಕೊಂಡು ಉಣ್ಣಸ್ರಿ ವೀರಕ್ಕ.”

ವೀರವ್ವ ತಲೆ ತಗ್ಗಿಸಿದಳು. ಚೌಡಪ್ಪನಿಗೆ ಬೇರೆಯೇ ಹೆದರಿಕೆ. “ಆಪರೇಶನ್ನಿನ ಚಾಕು ತಗಲಿದ್ರ ಮೈತುಂಬ ಹಬ್ಬತೈತಿ ಅಂತಾರಲ್ರಿ?”

“ತಡಾ ಮಾಡಿದ್ರ ಹಬ್ಬತೈತಿ. ಜನ ಕಡೀಗೆ ದವಾಖಾನಿಗೆ ಹೋಗ್ತಾರ, ಆಮ್ಯಾಲೆ ಚಾಕುವಿನ ಮ್ಯಾಲೆ ತಪ್ಪು ಹಾಕ್ತಾರ.”

ಚೌಡಪ್ಪ ಮತ್ತೂ ಅನುಮಾನ ಮಾಡುತ್ತಿದ್ದ. ಗುತ್ತೆವ್ವನೇ ಎದ್ದು ಸೀರೆ ಗಂಟು ಕಟ್ಟಿಕೊಂಡಳು. “ನಾ ಇನ್ನೂ ಬದುಕಬೇಕಂತೇನಿ. ನೀ ಬರ್ತಿಯೋ ಇಲ್ಲೋ?” ಎಂದಳು. ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೊರಟರು.

ಹುಬ್ಬಳ್ಳಿಯಲ್ಲಿ ನೋಡಿದವರು ಗುರುರಾಜ ಡಾಕ್ಟರು, ಸವಣೂರಿನ ಮಠದ ಓಣಿಯಲ್ಲೇ ಬೆಳೆದವರು. ಹುಣ್ಣಿನ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ರಕ್ತವನ್ನೂ ತೆಗೆದರು, ಅದರಲ್ಲಿ ತಾಮ್ರ, ಸತು ಎಷ್ಟಿದೆ ಎಂದು ನೋಡಬೇಕಿದೆ ಎಂದರು. ತಾಮ್ರ ಅಂದದ್ದೇ ಚೌಡಪ್ಪ ಹೆದರಿದ. ತುತ್ತದಲ್ಲಿ ಇರುವುದು ತಾಮ್ರವೇ ಎಂದು ಅವನಿಗೆ ಗೊತ್ತಿತ್ತು.

ವಾರದ ಮೇಲೆ ಫಲಿತಾಂಶ ಬಂತು. ಕ್ಯಾನ್ಸರೇ.

“ಸಾಹೇಬ್ರ,” ಎಂದ ಚೌಡಪ್ಪ, “ನಾ ಹಚ್ಚಿದ ತಾಮ್ರನ ರಕ್ತಕ್ಕ ಹೋಗಿ ಹಿಂಗ ಆತೇನ್ರಿ? ನಾನ ತಂದೇನೇನ್ರಿ ಇದನ್ನ?”

ಡಾಕ್ಟರು ಅವನನ್ನು ಕೂಡಿಸಿಕೊಂಡರು. “ಇಲ್ಲಪಾ. ಎಲ್ಲಾರ ರಕ್ತದಾಗೂ ಒಂಚೂರು ತಾಮ್ರ, ಒಂಚೂರು ಸತು ಇರ್ತದ. ಬಾಯಿ, ಗಂಟಲದ ಕ್ಯಾನ್ಸರ್ ಆದವರೊಳಗ ಬಾಳ ಮಂದಿಗೆ ತಾಮ್ರ ಏರಿರ್ತದ, ಸತು ಇಳಿದಿರ್ತದ. ಬ್ಯಾನಿಯಿಂದ ಹಿಂಗ ಆಗ್ತದೋ, ಹಿಂಗ ಆಗಿ ಬ್ಯಾನಿ ಬರ್ತದೋ, ನಾವಿನ್ನೂ ಹುಡಕಲಿಕ್ಕೆ ಹತ್ತೀವಿ. ನಾಳೆ ಯಾರರ ಸತುವಿನ ಗುಳಿಗಿ ನುಂಗಿದ್ರ ಕ್ಯಾನ್ಸರ್ ಹೋಗ್ತದ ಅಂದ್ರ ನಂಬಬ್ಯಾಡ. ಇದನ್ನ ತಂದದ್ದು ತಂಬಾಕ.”

ಚೌಡಪ್ಪ ಉಸಿರು ಬಿಟ್ಟ. ಆದರೆ ಡಾಕ್ಟರ ಮಾತು ಮುಗಿದಿರಲಿಲ್ಲ.

“ನಿನ್ನ ತುತ್ತ ಮಾಡಿದ್ದು ಬ್ಯಾರೆ. ಬಾಯಿ ಸುಟ್ಟಿತು, ವಾಸಿ ಆಗೇದ ಅಂತ ನಂಬಿಸಿ ಎರಡು ತಿಂಗಳು ಕಳೀತು. ಬಿಳಿ ಮಚ್ಚಿ ಇದ್ದಾಗ ಬಂದಿದ್ರ ಅಷ್ಟ ತಗದು ಕಳಸ್ತಿದ್ವಿ. ಈಗ ಗಲ್ಲ, ಅದರ ಜೋಡಿ ದವಡಿ ಎಲುಬು ತಗೀಬೇಕಾಗ್ತದ.”

ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಬಂದಿತ್ತು. ಚೌಡಪ್ಪ ಹೊರಗೆ ಬಂದು, ಸೊಂಟದಲ್ಲಿದ್ದ ತಂಬಾಕಿನ ಚೀಲವನ್ನು ತೆಗೆದು ಗಟಾರಕ್ಕೆ ಎಸೆದ. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತ.

ಗುತ್ತೆವ್ವ ಉಳಿದಳು. ಶಸ್ತ್ರಚಿಕಿತ್ಸೆಯಾಯಿತು, ಆಮೇಲೆ ಐದಾರು ವಾರ ಕರೆಂಟು, ಅಂದರೆ ವಿಕಿರಣ ಚಿಕಿತ್ಸೆ ಕೊಟ್ಟರು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಮನೆಗೆ ಬಂದಳು. ವೀರವ್ವ ತನ್ನ ತಾಟಿನಲ್ಲೇ ಅನ್ನ ಹಿಸುಕಿ, ಸಾರು ಕಲಸಿ, ಚಮಚೆಯಿಂದ ಉಣಿಸುತ್ತಿದ್ದಳು. ಎಡಮುಖ ಒಳಗೆ ಕುಸಿದಿತ್ತು. ಮಾತು ಮನೆಯವರಿಗೆ ಮಾತ್ರ ತಿಳಿಯುತ್ತಿತ್ತು.

ದೀಪಾವಳಿ ಹತ್ತಿರವಾದಾಗ ಒಂದು ಮುಂಜಾನೆ ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಗಂಡನ ಜೊತೆ ತೋಟಕ್ಕೆ ಹೋದಳು. ಎಲೆ ಕೊಯ್ಯುತ್ತಿದ್ದ ಹೆಂಗಸರು ಸುತ್ತ ನೆರೆದರು. ಗುತ್ತೆವ್ವ ಏನೋ ಹೇಳಿದಳು, ಯಾರಿಗೂ ಅರ್ಥವಾಗಲಿಲ್ಲ. ಆಗ ಅವಳು ಸೆರಗು ಸರಿಸಿ ಮುಖವನ್ನು ಬಿಸಿಲಿಗೆ ಹಿಡಿದಳು.

“ಏನಂತಾಳ?” ಎಂದು ಒಬ್ಬಳು ಮೆಲ್ಲಗೆ ಕೇಳಿದಳು.

ಚೌಡಪ್ಪ ಅವಳ ಮಾತನ್ನು ಬಿಡಿಸಿ ಹೇಳಿದ. “ನಿಮ್ಮ ಬಾಯಿ ತೋರಸ್ರಿ ಅಂತಾಳ. ನರ್ಸಬಾಯಾರು ಬಂದಾರ, ಹೊರಗ ನಿಂತಾರ. ನಾನೂ ತಂಬಾಕ ತಿಂದಾಂವ, ನನ್ನ ಬಾಯಿ ಮೊದಲ ಅವರಿಗೆ ತೋರಿಸೇನಿ. ಈಗ ನೀವು ತೋರಸ್ರಿ.”

ಹೆಂಗಸರು ಒಬ್ಬೊಬ್ಬರಾಗಿ ಗಲ್ಲದಲ್ಲಿದ್ದ ತಂಬಾಕನ್ನು ಉಗುಳಿ, ಬಾಯಿ ಮುಕ್ಕಳಿಸಿ, ಅಖ್ತರುನ್ನೀಸಾ ಅವರ ಮುಂದೆ ಬಂದು ಕುಳಿತರು. ಇಬ್ಬರ ಬಾಯಲ್ಲಿ ಬಿಳಿ ಮಚ್ಚೆ ಸಿಕ್ಕಿತು. ಅವರು ಅದೇ ವಾರ ಹುಬ್ಬಳ್ಳಿಗೆ ಹೋದರು. ಅವರ ದವಡೆ ಉಳಿಯಿತು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಾಳೆ ಮುಖ ತೊಳೆಯುವಾಗ ಕನ್ನಡಿ ಹಿಡಿದು ಬೆಳಕಿನಲ್ಲಿ ಬಾಯಿ ತೆರೆಯಿರಿ. ಗಲ್ಲದ ಒಳಗೆ, ನಾಲಿಗೆಯ ಕೆಳಗೆ ನೋಡಿರಿ. ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು, ಕುತ್ತಿಗೆಯಲ್ಲಿ ಗಂಟು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಹಚ್ಚಿ ಕೂರಬೇಡಿ, ದವಾಖಾನೆಗೆ ಹೋಗಿರಿ. ಬಾಯಲ್ಲಿ ಈಗ ತಂಬಾಕು ಇದ್ದರೆ ಉಗುಳಿಬಿಡಿ. ಕಾಯಿಲೆಯಾದವರನ್ನು ಹಿತ್ತಲಿಗೆ ಕಳಿಸದೆ ನಿಮ್ಮ ಪಕ್ಕದಲ್ಲೇ ಕೂಡಿಸಿಕೊಂಡು ಉಣ್ಣಿರಿ. ಗುತ್ತೆವ್ವ ತನ್ನ ಮುಖ ತೋರಿಸಿ ಕೇಳಿದ್ದು ಇಷ್ಟೇ.