ಬಣ್ಣವಿಲ್ಲದ ಮರಿಗಳು

"ಎರಡೂ ಒಂದೇ," ಎಂದರು ಲ್ಯಾಬಿನ ಡಾಕ್ಟರು, ಎರಡು ಗಾಜಿನ ತಟ್ಟೆಗಳನ್ನು ಕಿಟಕಿಯ ಬೆಳಕಿಗೆ ಸರಿಸಿ. "ಇದು ನಿಮ್ಮ ತಂಗಿಯ ರಕ್ತದಿಂದ ಬೆಳೆಸಿದ್ದು. ಇದು ನೀವು ತಂದುಕೊಟ್ಟ ಕೋಳಿಮರಿಗಳ ಹಿಕ್ಕೆಯದು. ಒಂದೇ ಮನೆತನ."

ಮದ್ದಕ್ಕ ಬಗ್ಗಿ ನೋಡಿದಳು. ತಟ್ಟೆಯ ತುಂಬ ಬೂದುಬಣ್ಣದ ಕೆನೆ ಕಟ್ಟಿದ ಹಾಗಿತ್ತು. ನಡುನಡುವೆ ಬಿಳಿ ಕಾಗದದ ಬಿಲ್ಲೆಗಳು. ಒಂದೊಂದು ಬಿಲ್ಲೆಗೂ ಒಂದೊಂದು ಔಷಧಿ ಕುಡಿಸಿದೆ, ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಖಾಲಿ ಉಂಗುರ ಕಾಣಬೇಕು ಎಂದು ಡಾಕ್ಟರು ಹೇಳಿದರು. ಉಂಗುರ ಇದ್ದದ್ದು ಒಂದೇ ಒಂದು ಬಿಲ್ಲೆಗೆ. ಮಿಕ್ಕವುಗಳ ಮೈಗೆ ಮೈ ತಾಗಿಸಿಕೊಂಡು ಬೆಳೆದಿತ್ತು ಆ ಕೆನೆ, ಬಸ್ಸಿನಲ್ಲಿ ಪಕ್ಕದವರ ಹೆಗಲಿಗೆ ಒರಗಿ ನಿದ್ದೆ ಹೊಡೆಯುವವರ ಹಾಗೆ.

"ಹಾಗಾದ್ರೆ ಕೋಳಿ ರೋಗ ನನ್ನ ತಂಗಿಗೆ ಬಂತಾ?"

"ಮೊದಲು ಇದು ರೋಗವೇ ಅಲ್ಲಮ್ಮ." ಡಾಕ್ಟರು ಕನ್ನಡಕವನ್ನು ತಲೆಗೇರಿಸಿ ಕಣ್ಣುಜ್ಜಿಕೊಂಡರು. ಹುಡುಗಿಯಂಥ ಮುಖ, ಕಣ್ಣು ಮಾತ್ರ ದಣಿದಿದ್ದವು. "ಈ ಬ್ಯಾಕ್ಟೀರಿಯಾ ನಿಮ್ಮ ಹೊಟ್ಟೇಲಿದೆ, ನನ್ನ ಹೊಟ್ಟೇಲಿದೆ, ಕೋಳಿ ಹೊಟ್ಟೇಲೂ ಇದೆ. ತಿಂದದ್ದರಲ್ಲಿ ಪಾಲು ತಗೊಂಡು ಮೂಲೇಲಿ ಬಿದ್ದಿರೋ ಬಾಡಿಗೆದಾರ. ಆದರೆ ಒಂದು ಎರಡಾಗೋಕೆ ಇದಕ್ಕೆ ಹೆಚ್ಚು ಹೊತ್ತು ಬೇಡ. ಆಗ ತನ್ನ ವಂಶವಾಹಿಯನ್ನ ನಕಲು ಮಾಡಿ ಮರಿಗೆ ಕೊಡಬೇಕು. ಅವಸರದ ನಕಲು, ತಪ್ಪಾಗುತ್ತೆ. ಹೆಚ್ಚಿನ ತಪ್ಪಿನಿಂದ ಏನೂ ಆಗಲ್ಲ, ಇಲ್ಲಾ ಅದೇ ಸಾಯುತ್ತೆ. ಎಲ್ಲೋ ಒಂದು ತಪ್ಪು ಹೊಸ ಬಾಗಿಲು ತೆಗೆಯುತ್ತೆ."

"ತಪ್ಪು ಮಾಡ್ತಾ ಮಾಡ್ತಾ ಮೇಲೆ ಬರೋದು. ನಮ್ಮ ಮೇಸ್ತ್ರಿ ಹಾಗೆ," ಎಂದಳು ಮದ್ದಕ್ಕ. ತನ್ನ ಮಾತಿಗೆ ತನಗೇ ನಗು ಬರಲಿಲ್ಲ.

"ಅಷ್ಟೇ ಆಗಿದ್ರೆ ನಿಧಾನಕ್ಕೆ ಬದಲಾಗ್ತಿತ್ತು. ಇವು ಒಂದಕ್ಕೊಂದು ಬೀಗದ ಕೈಗಳನ್ನೂ ನಕಲು ಮಾಡಿ ಕೊಡ್ತವೆ. ತನ್ನ ಮಕ್ಕಳಿಗಷ್ಟೇ ಅಲ್ಲ, ದಾರೀಲಿ ಸಿಕ್ಕಿದ ಗುರುತಿಲ್ಲದವಕ್ಕೂ. ಇದು ಯಾರದೋ ಹತ್ತಿರ ಮೂತ್ರಕೋಶದ ಗೋಡೆಗೆ ಅಂಟಿಕೊಳ್ಳೋ ವಿದ್ಯೆ ಇಸ್ಕೊಂಡಿದೆ. ಇನ್ಯಾರದೋ ಹತ್ತಿರ ರಕ್ತದಲ್ಲಿ ಬದುಕೋ ವಿದ್ಯೆ. ಮೂರನೇದು, ಔಷಧಿಯನ್ನೇ ಒಡೆದುಹಾಕೋದು. ಅದನ್ನ ಮಾತ್ರ ನಿಮ್ಮ ಹ್ಯಾಚರಿಯಲ್ಲಿ ಸಾಕಿದ್ದಾರೆ."

"ಸಾಕಿದ್ದಾರೆ?"

"ದಿನಾ ಮದ್ದು ಚುಚ್ಚಿದ್ರೆ ಸಾದಾ ಇರೋವು ಸಾಯ್ತವೆ. ಆ ವಿದ್ಯೆ ಇರೋವಕ್ಕೆ ಮನೆಯೆಲ್ಲ ಖಾಲಿ ಬಿಟ್ಟುಕೊಟ್ಟ ಹಾಗೆ. ನೀವು ಮರಿಗಳಿಗೆ ಕಲಸೋ ಮದ್ದು, ನಿಮ್ಮ ತಂಗಿಗೆ ನಾವು ಮೊದಲು ಹಾಕಿದ ಮದ್ದು, ಎರಡೂ ಒಡಹುಟ್ಟಿದವು. ಒಂದನ್ನ ಒಡೆಯೋಕೆ ಕಲಿತದ್ದು ಇನ್ನೊಂದನ್ನೂ ಒಡೆಯುತ್ತೆ. ಮರಿ ಹಿಕ್ಕೆ ಮೆತ್ತಿದ ಕೈಯಿಂದ ಅವಳ ಬಾಯಿಗೆ, ಬಾಯಿಂದ ಹೊಟ್ಟೆಗೆ ಇಳಿದಿದೆ." ಡಾಕ್ಟರು ಉಂಗುರವಿದ್ದ ಬಿಲ್ಲೆಯನ್ನು ತೋರಿಸಿದರು. "ಇದೊಂದು ಉಳಿದಿದೆ. ಹಳೇ ಮದ್ದು, ಕಿಡ್ನಿಗೆ ಒಳ್ಳೇದಲ್ಲ. ಆದರೂ ಹಾಕ್ತಿದ್ದೀವಿ." ಕನ್ನಡಕ ಮತ್ತೆ ಕಣ್ಣಿಗಿಳಿಸಿ ಸೇರಿಸಿದರು, "ನಿಮ್ಮ ತಪ್ಪೇನಿಲ್ಲಮ್ಮ."

"ತಪ್ಪು ಯಾರದು ಅಂತ ನಂಗೊತ್ತು ಡಾಕ್ಟ್ರೇ. ಕಲಸಿದ ಕೈ ಯಾರದು ಅಂತಾನೂ ಗೊತ್ತು," ಎಂದಳು ಮದ್ದಕ್ಕ, ಎದ್ದು ನಿಂತು. "ನಾಳೆಯಿಂದ ಈ ಕೈ ಅವರಿಗಿಲ್ಲ."

ಮದ್ದಕ್ಕ ಎಂಬ ಹೆಸರು ಬಂದದ್ದೇ ಆ ಕೈಯಿಂದ. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಆ ಹ್ಯಾಚರಿಗೆ ಬಂದ ಹೊಸಬರಿಗೂ ಅವಳ ನಿಜವಾದ ಹೆಸರು ಬೇಕಾಗಿರಲಿಲ್ಲ. ಬಾಟಲಿಯ ಮದ್ದು, ನೀರು, ನೀಲಿ ಬಣ್ಣ, ಮೂರನ್ನೂ ಹದವಾಗಿ ಕಲಸಿ ಸೂಜಿಗನ್ನುಗಳಿಗೆ ತುಂಬಿ ಕೊಡುವವಳು ಅವಳು. ಮರಿಗಳನ್ನು ಹೊತ್ತು ಓಡುವ ಬೆಲ್ಟಿನ ಎರಡೂ ಬದಿಯಲ್ಲಿ ಕೂತ ಹೆಂಗಸರು ಮೊಟ್ಟೆಯಿಂದ ಆಗಷ್ಟೇ ಹೊರಬಿದ್ದ ಮರಿಗಳನ್ನು ಒಂದೊಂದೇ ಎತ್ತಿ ಕತ್ತಿನ ಹಿಂದೆ ಚುಚ್ಚಬೇಕು. ಚುಚ್ಚಿದ ಮರಿ ಯಾವುದು, ತಪ್ಪಿಸಿಕೊಂಡದ್ದು ಯಾವುದು ಎಂದು ಮೇಸ್ತ್ರಿಗೆ ದೂರದಿಂದಲೇ ತಿಳಿಯಲಿ ಎಂದು ಬಣ್ಣ. ಮರಿ ಒದ್ದಾಡಿದರೆ ಸೂಜಿ ಹೆಬ್ಬೆರಳಿಗೇ. ಹಾಗಾಗಿ ಎಲ್ಲರ ಹೆಬ್ಬೆರಳೂ ನೀಲಿ. ಅಂಗಡಿಯವನು ಮುಖ ನೋಡದೆ ಬೆರಳು ನೋಡಿಯೇ "ಹ್ಯಾಚರಿಯವರಾ?" ಎಂದು ಕೇಳುತ್ತಿದ್ದ.

ತಂಗಿ ಕೂರುತ್ತಿದ್ದದ್ದು ಬೆಲ್ಟಿನ ತುದಿಯಲ್ಲಿ. ಮೊದಲು ಉರಿಮೂತ್ರ, ಆಮೇಲೆ ಸೊಂಟನೋವು. ರಜೆ ಕೇಳಿದ್ದಕ್ಕೆ ಮೇಸ್ತ್ರಿ "ಹೆಂಗಸರಿಗೆ ಅದೆಲ್ಲ ಇದ್ದದ್ದೇ" ಎಂದಿದ್ದ. ಚಳಿ ಬಂದು ಕ್ರೇಟುಗಳ ಮೇಲೆ ಕುಸಿದ ದಿನ ಆಸ್ಪತ್ರೆಗೆ ಹೊತ್ತು ತಂದಿದ್ದರು.

ಮಹಡಿಯ ವಾರ್ಡಿನಲ್ಲಿ ತಂಗಿ ಕಣ್ಣು ಮುಚ್ಚಿ ಮಲಗಿದ್ದಳು. ಮದ್ದಕ್ಕ ಹಾಸಿಗೆಯ ಅಂಚಿನಲ್ಲಿ ಕೂತು ಕೇಳಿದ್ದನ್ನೆಲ್ಲ ಹೇಳಿದಳು. ಒಣಗಿದ ತುಟಿ ಮೆಲ್ಲಗೆ ಅಲುಗಾಡಿತು.

"ಅಂದ್ರೆ ನನ್ನೊಳಗಿರೋದು ಓದಿ ಮುಂದೆ ಬಂದಿರೋದು."

"ಸುಮ್ನಿರೇ."

"ನಾವೇ ಓದಲಿಲ್ಲ ಕಣಕ್ಕಾ. ಅದಾದ್ರೂ ಓದ್ಲಿ ಬಿಡು." ಉಸಿರು ತೆಗೆದುಕೊಳ್ಳಲು ನಿಂತಳು. "ನಾಳೆ ನೀನು ಕಲಸಬೇಡ."

"ನೀನು ಹೇಳಬೇಕಾ ಅದನ್ನ?"

ಮರುದಿನ ಬೆಳಗ್ಗೆ ಬೆಲ್ಟು ಓಡತೊಡಗಿತು, ಮರಿಗಳು ಚಿಂವ್‌ಗುಟ್ಟುತ್ತ ಬಂದವು. ಮದ್ದಕ್ಕ ಬಾಟಲಿಯ ಮುಂದೆ ಕೈಕಟ್ಟಿ ಕೂತಿದ್ದಳು. ಮೇಸ್ತ್ರಿ ಬಂದ. ಮಾತಿಗೊಮ್ಮೆ ಮಣಿಕಟ್ಟು ನೋಡಿಕೊಳ್ಳುವ ಅವನಿಗೆ ಹೆಂಗಸರು ಇಟ್ಟ ಹೆಸರು ಗಡಿಯಾರ.

"ಏನಮ್ಮ ಮದ್ದಕ್ಕ, ಬಾಟ್ಲಿ ಎದುರಿಗಿಟ್ಕೊಂಡು ತಪಸ್ಸಿಗೆ ಕೂತ್ಯಾ?"

"ಕಲಸಲ್ಲ."

"ಕೈಗೇನಾಯ್ತು?"

"ಕೈಗೇನಾಗಿಲ್ಲ. ನನ್ನ ತಂಗಿಗೆ ಮದ್ದು ನಾಟದ ಹಾಗೆ ಮಾಡಿದ್ದು ಈ ಬಾಟ್ಲೀನೇ ಅಂತ ಆಸ್ಪತ್ರೇಲಿ ಹೇಳಿದ್ರು. ಬಾಯ್ಲರ್ ಹಚ್ಚಿಸಿ, ಮೊಟ್ಟೆ ತಟ್ಟೆ, ಕ್ರೇಟು ಎಲ್ಲ ಮೊದಲಿನ ಹಾಗೆ ಕುದಿನೀರಲ್ಲಿ ತೊಳೀತೀವಿ. ಮದ್ದು ಕಲಸಲ್ಲ."

ಬೆಲ್ಟಿನ ಬದಿಯ ಹೆಂಗಸರು ತಲೆ ಎತ್ತಿದರು. ಬಾಯ್ಲರ್ ಎಲ್ಲರಿಗೂ ನೆನಪಿತ್ತು. ಮದ್ದು ಬಂದ ವರ್ಷ ಮಾಲೀಕರು ಅದನ್ನು ಆರಿಸಿದ್ದರು. ಉರುವಲು ಉಳಿಯಿತು, ತೊಳೆಯುತ್ತಿದ್ದವರನ್ನು ಮನೆಗೆ ಕಳಿಸಿದ್ದರಿಂದ ಕೂಲಿಯೂ ಉಳಿಯಿತು. ಕೊಳೆ ಮಾತ್ರ ಇದ್ದಲ್ಲೇ ಇತ್ತು. ಕೊಳೆಯಿಂದ ಮರಿ ಸಾಯದ ಹಾಗೆ ಮದ್ದು ನೋಡಿಕೊಂಡಿತು. ಕೊಳೆಯಲ್ಲಿ ಕೈಯಾಡಿಸುವವರನ್ನು ಯಾವುದು ನೋಡಿಕೊಳ್ಳಬೇಕು ಎಂದು ಯಾರೂ ಕೇಳಿರಲಿಲ್ಲ.

ಮೇಸ್ತ್ರಿ ಓಡಿಹೋಗಿ ಕೋಳಿ ಡಾಕ್ಟರನ್ನು ಕರೆತಂದ. ಮಾಲೀಕರ ಸಂಬಳ ತಿನ್ನುವ, ಮೆಲುದನಿಯ ಮನುಷ್ಯ.

"ನೋಡಮ್ಮ, ಆಸ್ಪತ್ರೆಯವರು ಏನು ಬೇಕಾದ್ರೂ ಹೇಳ್ತಾರೆ. ನಿಮ್ಮ ಮನೆ ನೀರು ಹೇಗಿದೆ, ಕಕ್ಕಸು ಹೇಗಿದೆ? ಮೊದಲು ಅದನ್ನ ನೋಡ್ಕೊಬಾರದಾ?"

"ನಮ್ಮನೆ ಕಕ್ಕಸಿಗೆ ನಾವು ದಿನಾ ಬೆಳಗ್ಗೆ ಇಂಜೆಕ್ಷನ್ ಕೊಡಲ್ಲ ಸಾರ್."

ಯಾರೋ ಕಿಸಕ್ಕೆಂದರು. ಕೋಳಿ ಡಾಕ್ಟರ ಕಿವಿ ಕೆಂಪಾಯಿತು. "ಮದ್ದಿಲ್ಲದೆ ಹೊಕ್ಕುಳು ಕೊಳೆತು ಮರಿ ಸತ್ರೆ ಯಾರು ಹೊಣೆ?"

"ಬಾಯ್ಲರ್ ಇದ್ದಾಗ ಸಾಯ್ತಿದ್ವಾ?"

ಅವರು ಸುಳ್ಳು ಹೇಳಲಿಲ್ಲ. "ಕೆಲವು ಸಾಯ್ತಿದ್ವು."

"ಈಗ ಯಾರು ಸಾಯೋಕೆ ಬಿದ್ದಿದ್ದಾರೆ ಅಂತ ವಾರ್ಡಿಗೆ ಬಂದು ನೋಡಿ."

ಡಾಕ್ಟರು ಬಾಟಲಿಯತ್ತ ನೋಡಿದರು, ಬೆಲ್ಟಿನತ್ತ ನೋಡಿದರು, ಫೋನು ಕಿವಿಗಿಟ್ಟುಕೊಂಡು ಹೊರಗೆ ಹೋದರು. ಮೇಸ್ತ್ರಿಗೆ ಅಷ್ಟು ಪುರುಸೊತ್ತಿರಲಿಲ್ಲ. ಮರಿಗಳು ಕಾಯುವ ಸರಕಲ್ಲ. ಲಾರಿ ಆಗಲೇ ಹಿಂಬಾಗಿಲಿಗೆ ಬಂದು ನಿಂತಿತ್ತು. "ಏ ರೇಡಿಯೊ, ಎದ್ದು ಬಾ. ಇವತ್ತಿಂದ ನೀನೇ ಮದ್ದು."

ರೇಡಿಯೊ ಎಂದರೆ ಬೆಳಗಿನಿಂದ ಸಂಜೆಯವರೆಗೆ ಬಾಯಿ ಮುಚ್ಚದವಳು. ಈಗ ಒಂದು ಮಾತೂ ಆಡದೆ ಎದ್ದು ಬಂದಳು. ಗಂಡ ಕೆಲಸ ಬಿಟ್ಟು ಮನೆಯಲ್ಲಿ ಕೂತಿರುವುದು ಎಲ್ಲರಿಗೂ ಗೊತ್ತಿತ್ತು. ಮದ್ದಕ್ಕ ಅವಳ ಮುಖ ನೋಡದೆ ಜಾಗ ಬಿಟ್ಟುಕೊಟ್ಟಳು. ಮೇಸ್ತ್ರಿ ಲಾರಿಯವನನ್ನು ಸಮಾಧಾನ ಮಾಡಲು ಹೋದ ಗಳಿಗೆಯಲ್ಲಿ ರೇಡಿಯೊ ಮದ್ದಿನ ಬಾಟಲಿಯನ್ನು ಬದಿಗೆ ತಳ್ಳಿ ಬಣ್ಣದ ಡಬ್ಬಿಗೆ ಕೈಹಾಕಿದಳು.

"ಅಕ್ಕಾ, ಬರೀ ಬಣ್ಣ, ಬರೀ ನೀರು," ಎಂದಳು ಪಿಸುಗುಟ್ಟಿ. "ಗಡಿಯಾರಕ್ಕೆ ಕಾಣೋದು ನೀಲಿ ಒಂದೇ. ಕೆಲಸಾನೂ ಉಳಿಯುತ್ತೆ, ನಿನ್ನ ಮಾತೂ ಉಳಿಯುತ್ತೆ."

ಮದ್ದಕ್ಕ ಬಣ್ಣದ ಡಬ್ಬಿಯನ್ನೇ ನೋಡಿದಳು. ಎಷ್ಟು ಸುಲಭ. ನಾಳೆಯೂ ಕೆಲಸ, ನಾಡಿದ್ದೂ ಕೆಲಸ, ಆಸ್ಪತ್ರೆಗೆ ಹೋಗಿಬರಲು ಕೈಯಲ್ಲಿ ಕಾಸು. ಹತ್ತಿರದಲ್ಲಿದ್ದ ಹೆಂಗಸರು ಮಾತು ಕೇಳಿಸಿಕೊಂಡು ಅವಳನ್ನೇ ನೋಡುತ್ತಿದ್ದರು. ಒಬ್ಬಾಕೆ ಕಣ್ಣಲ್ಲೇ ಹೂಂ ಅನ್ನು ಎಂದಳು.

"ಬೇಡ ಕಣೇ."

"ಯಾಕೆ? ಮದ್ದಿರಲ್ವಲ್ಲ!"

"ಬಣ್ಣ ಹಚ್ಚಿ ಕಳಿಸಿದ್ರೆ ಮರಿ ಬದುಕಿದ್ದು ಮದ್ದಿನಿಂದಲೇ ಅಂತಾರೆ. ನಾಳೆ ನಮ್ಮನ್ನ ಹಿಡಿದು ಹೊರಗೆ ಹಾಕಿ, ಬೇರೆಯವರ ಕೈಲಿ ಅದೇ ಬಾಟ್ಲಿ ಕೊಡ್ತಾರೆ. ಆಗ ಬೇಡ ಅನ್ನೋಕೆ ನಮಗೆ ಬಾಯಿರಲ್ಲ. ನಾವೇ ಸುಳ್ಳು ಬಳಿದವರು." ಅವಳ ದನಿ ತಾನಾಗಿ ಏರಿತು. "ಕದ್ದು ಯಾಕೆ ಮಾಡಬೇಕು? ಕದ್ದು ಮಾಡೋಕೆ ನಾವೇನು ತಪ್ಪು ಮಾಡ್ತಿದ್ದೀವಾ? ಹಳದಿ ಮರಿ ಹಳದಿಯಾಗೇ ಹೋಗ್ಲಿ. ದಾರೀಲಿ ನೋಡಿದವರೆಲ್ಲ ಬಣ್ಣ ಯಾಕಿಲ್ಲ ಅಂತ ಕೇಳ್ಲಿ!"

ರೇಡಿಯೊ ಡಬ್ಬಿ ಹಿಡಿದುಕೊಂಡೇ ನಿಂತಳು. ಆಮೇಲೆ ಡಬ್ಬಿಯ ಮುಚ್ಚಳವನ್ನು ಅಂಗೈಯಿಂದ ಗುದ್ದಿ ಮುಚ್ಚಿದಳು. ಬೆಲ್ಟಿನ ಕಡೆ ತಿರುಗಿ, ಎಂದಿನ ತನ್ನ ಗಂಟಲಿನಲ್ಲಿ, ಹಿಂಬಾಗಿಲಿನ ಲಾರಿಯವನಿಗೂ ಕೇಳುವ ಹಾಗೆ ಕೂಗಿದಳು:

"ಕೇಳ್ರೇ, ವಾರ್ತೆಗಳು! ಇವತ್ತು ಮದ್ದಿಲ್ಲ, ಬಣ್ಣ ಇಲ್ಲ, ಗುಟ್ಟೂ ಇಲ್ಲ!"

ಮೊದಲು ಒಂದು ಸೂಜಿಗನ್ನು ಬೆಂಚಿನ ಮೇಲೆ ಟಣ್ಣೆಂದು ಬಿತ್ತು. ಆಮೇಲೆ ಇನ್ನೊಂದು. ಆಮೇಲೆ ಸಾಲು ಸಾಲಾಗಿ. ಹೆಂಗಸರು ಮರಿಗಳನ್ನು ಎತ್ತಿ ಎತ್ತಿ ಚುಚ್ಚದೆಯೇ ಕ್ರೇಟುಗಳಿಗೆ ಇಳಿಸತೊಡಗಿದರು. ಸೂಜಿ ಇಲ್ಲದ್ದರಿಂದ ಕೈಗಳು ಎಷ್ಟು ಚುರುಕಾದವೆಂದರೆ ಕ್ರೇಟು ತಂದಿಡುವವರು ಓಡಾಡಬೇಕಾಯಿತು. ಮೇಸ್ತ್ರಿ ಓಡಿ ಬಂದು ಬೆಲ್ಟಿನ ಗುಂಡಿ ಒತ್ತಿ ನಿಲ್ಲಿಸಿದ. ಮರಿಗಳು ಒಂದರ ಮೇಲೊಂದು ಬೀಳುವುದನ್ನು ಕಂಡು ಮತ್ತೆ ತಾನೇ ಓಡಿಸಿದ. ಕೂಗಿದ, ಬೈದ, ಫೋನು ಮಾಡಿದ. ಲಾರಿಯವನು ಹಾರ್ನು ಬಾರಿಸುತ್ತಲೇ ಇದ್ದ. ಕೊನೆಗೆ ಕ್ರೇಟುಗಳು ಹಾಗೆಯೇ ಲಾರಿಗೆ ಏರಿದವು, ಒಂದು ನೀಲಿ ಚುಕ್ಕೆಯೂ ಇಲ್ಲದೆ.

"ನಾಳೆಯಿಂದ ಒಬ್ಬರೂ ಈ ಗೇಟಿನ ಒಳಗೆ ಕಾಲಿಡಕೂಡದು," ಎಂದ ಮೇಸ್ತ್ರಿ.

"ಗೇಟಿನ ಹೊರಗೆ ಇಡಬಹುದಲ್ಲ?" ಎಂದಳು ರೇಡಿಯೊ.

ಬೆಳಗಾಗುವ ಹೊತ್ತಿಗೆ ಮದ್ದಕ್ಕ ವಾರ್ಡಿನಿಂದ ನೇರ ಗೇಟಿಗೆ ಬಂದಳು. ತಂಗಿಯ ಜ್ವರ ಇಳಿದಿರಲಿಲ್ಲ, ಏರಿಯೂ ಇರಲಿಲ್ಲ. ಹೊರಡುವಾಗ ಕೈ ಬಿಡದೆ ಹಿಡಿದು, "ಅಲ್ಲಿ ನಂದೊಂದು ಜಾಗ ಹಿಡಿದಿಡು" ಎಂದಿದ್ದಳು. ಬೀಗ ಹಾಕಿದ ಗೇಟಿನೆದುರು ಹೆಂಗಸರೆಲ್ಲ ನೆಲದ ಮೇಲೆ ಕೂತಿದ್ದರು, ಮನೆಯಿಂದ ತಂದ ಬುತ್ತಿ ಬಿಚ್ಚದೆ. ಮದ್ದಕ್ಕ ರೇಡಿಯೊಳ ಪಕ್ಕ ಕೂತು, ತನ್ನ ಪಕ್ಕದಲ್ಲಿ ತಂಗಿಗೆಂದು ತನ್ನ ಚೀಲ ಇಟ್ಟಳು.

ಗೋಡೆಯಾಚೆ ಆ ದಿನದ ಮೊಟ್ಟೆಗಳು ಒಡೆಯತೊಡಗಿದ್ದವು. ಅವಕ್ಕೆ ಗೇಟಿನ ಬೀಗದ ಸುದ್ದಿ ಯಾರೂ ಹೇಳಿರಲಿಲ್ಲ. ಮೊದಲು ಅಲ್ಲೊಂದು ಇಲ್ಲೊಂದು ದನಿ, ಆಮೇಲೆ ಎಲ್ಲ ಸೇರಿ ಒಂದೇ ದನಿ, ತೆಳ್ಳಗೆ, ಎಡೆಬಿಡದೆ. ಎತ್ತಿಕೊಳ್ಳುವ ಕೈ ಇಲ್ಲದೆ ತಟ್ಟೆಯಲ್ಲೇ ಉಳಿದ ಮರಿಗಳ ದನಿ ಹೇಗಿರುತ್ತದೆಂದು ಹೊರಗೆ ಕೂತ ಒಬ್ಬೊಬ್ಬರಿಗೂ ಗೊತ್ತಿತ್ತು. ಮದ್ದಕ್ಕ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದು ಕೂತಳು.

ಬಿಸಿಲು ಗೋಡೆ ಹತ್ತಿತು. ದನಿ ಇನ್ನೂ ಏರಿತು. ಕೊನೆಗೆ ಗೇಟಿನ ಒಂದು ಮಗ್ಗುಲಿನ ಚಿಕ್ಕ ಬಾಗಿಲು ಕಿರುಗುಟ್ಟಿ ತೆರೆಯಿತು. ತಲೆ ಬಗ್ಗಿಸಿ ಹೊರಗೆ ಬಂದವರು ಮಾಲೀಕರು, ಹಿಂದೆ ಮೇಸ್ತ್ರಿ. ಮಾಲೀಕರು ಗಂಟಲು ಸರಿಮಾಡಿಕೊಂಡು, ಎಲ್ಲರೂ ಎದ್ದು ನಿಲ್ಲಲೆಂದು ಕಾದರು.

ಯಾರೂ ಏಳಲಿಲ್ಲ. ರೇಡಿಯೊ ಮಾತ್ರ ಕೂತಲ್ಲೇ ಸ್ವಲ್ಪ ಸರಿದು, ತನ್ನ ಮುಂದಿನ ನೆಲದ ಧೂಳನ್ನು ಅಂಗೈಯಿಂದ ಒರೆಸಿ, ಮಾಲೀಕರನ್ನೇ ನೋಡುತ್ತ ಒಬ್ಬರು ಕೂರುವಷ್ಟು ಜಾಗ ಮಾಡಿದಳು.