ಕೆಂಪಗಾಗುವ ಮಾತ್ರೆ

ನರಸಮ್ಮನ ಮಗಳು ವೆಂಕಟಲಕ್ಷ್ಮಿ ಕಪ್ಪು. ಲಕ್ಷಣವಾದ ಹುಡುಗಿ, ಕಣ್ಣು ಮೂಗು ತಿದ್ದಿದ ಹಾಗೆ. ಆದರೇನು, ನೋಡಲು ಬಂದವರು ಕೇಸರಿಬಾತನ್ನು ತಟ್ಟೆ ಸವರಿ ತಿಂದು, "ಹುಡ್ಗಿ ಇನ್ನೊಂಚೂರು ಕೆಂಪಗಿದ್ದಿದ್ರೆ..." ಎಂದು ರಾಗ ಎಳೆದು ಹೊರಟುಬಿಡುತ್ತಿದ್ದರು. ತಮಿಳುನಾಡಿನ ಗಡಿಯ ಈ ಹೊಸೂರಿನ ಕಡೆ ಬೆಳ್ಳಗಿರುವವರನ್ನು ಕೆಂಪು ಎಂದೇ ಅನ್ನುವುದು. ತಮಿಳರೂ ಅದನ್ನೇ ಅನ್ನುತ್ತಾರೆ.

ಪೇಟೆಯ ಔಷಧಿ ಅಂಗಡಿಯವನೂ ಅದನ್ನೇ ಅಂದ. "ಪೊಣ್ಣು ಸೆವಪ್ಪಾಯಿಡುಂಮಾ", ಹುಡುಗಿ ಕೆಂಪಗಾಗಿಬಿಡ್ತಾಳಮ್ಮ, ಎಂದು ಹೆಸರಿನ ಚೀಟಿಯಿಲ್ಲದ ಒಂದು ಸೀಸೆಯನ್ನು ನರಸಮ್ಮನ ಕೈಗೆ ಕೊಟ್ಟ. ಒಳಗಿರುವುದು ವಿಟಮಿನ್ನಂತೆ. ಕಬ್ಬಿಣಕ್ಕೆ ತುಕ್ಕು ಹಿಡಿದ ಹಾಗೆ ಮೈಯೂ ಒಳಗೊಳಗೇ ತುಕ್ಕು ಹಿಡಿದು ಕಪ್ಪಾಗುತ್ತದಂತೆ, ಈ ಮಾತ್ರೆ ಅದನ್ನು ತಡೆಯುತ್ತದಂತೆ. ನರಸಮ್ಮನ ಗಂಡ ಆವುಲಪ್ಪ ಮೂಕಂಡಪಲ್ಲಿಯ ಹೊಸ ಫ್ಯಾಕ್ಟರಿಯಲ್ಲಿ ಮಿಷನ್ನುಗಳಿಗೆ ಎಣ್ಣೆ ಬಿಡುವವನು. ತುಕ್ಕು ಅಂದೊಡನೆ ಮಹಾ ತಿಳಿದವನ ಹಾಗೆ ತಲೆಯಾಡಿಸಿದ.

ಕೆಲವೇ ದಿನಗಳಲ್ಲಿ ಹುಡುಗಿಯ ಕೆನ್ನೆ, ಕತ್ತು ನಿಜವಾಗಿಯೂ ಕೆಂಪಗಾದವು. ನರಸಮ್ಮ ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದಳು.

"ಅಮ್ಮಾ, ಉರೀತದೆ ಕಣಮ್ಮ."

"ಬಣ್ಣ ತಿರುಗ್ತಾ ಅದೆ, ಉರೀದೆ ಇರ್ತದಾ? ತಡ್ಕೋ."

ಆ ವಾರವೇ ಪಕ್ಕದೂರಿನ ಚಿಕ್ಕತಾಯಮ್ಮ ಎಂಬುವಳು ತನ್ನ ಮಗನಿಗೆ ಹೆಣ್ಣು ನೋಡಲು ಬಂದಳು. ಹುಡುಗಿಯ ಗಲ್ಲ ಹಿಡಿದು, "ಕೆಂಪಗವ್ಳೆ, ನಮ್ಗೆ ಒಪ್ಪಿಗೆ" ಅಂದುಬಿಟ್ಟಳು. ಅಲ್ಲೇ ತಾಂಬೂಲವೂ ಬದಲಾಯಿತು. ನರಸಮ್ಮನಿಗೆ ಭೂಮಿಯ ಮೇಲೆ ಕಾಲು ನಿಲ್ಲಲಿಲ್ಲ.

ಮರುದಿನ ಮಗಳ ಕಣ್ಣು ತೆರೆಯಲಾಗದಂತೆ ಬಾತುಕೊಂಡಿತು. ಆಸ್ಪತ್ರೆಗೆ ಕರೆದೊಯ್ದರೆ ಡಾಕ್ಟರಮ್ಮ ಸೀಸೆ ನೋಡಿ ಸಿಡಿಮಿಡಿಗೊಂಡರು.

"ಇದು ಬಣ್ಣ ಅಲ್ಲಮ್ಮ, ದದ್ದು. ವಿಟಮಿನ್ ನುಂಗಿ ಯಾರೂ ಬೆಳ್ಳಗಾಗಲ್ಲ. ಇದರಲ್ಲಿ ಇನ್ನೇನು ಬೆರೆಸಿದಾನೋ, ಯಾರಿಗೆ ಗೊತ್ತು? ಮತ್ತೆ ನುಂಗಿದ್ರೆ ಉಸಿರೇ ಕಟ್ಟಬಹುದು."

"ನಿಲ್ಸಿದ್ರೆ ಈ ಕೆಂಪು?"

"ಹೋಗುತ್ತೆ. ಇನ್ನೇನು ಬೇಕು ನಿನಗೆ?"

ನರಸಮ್ಮ ಹಣೆ ಚಚ್ಚಿಕೊಂಡಳು. ತನ್ನ ಕೈಯಾರೆ ತಿನ್ನಿಸಿದ್ದಳಲ್ಲ! ಮನೆಗೆ ಬಂದವಳೇ ಸೀಸೆಯನ್ನು ಚರಂಡಿಗೆಸೆಯಲು ಎತ್ತಿದಳು. ಮಗಳು ಕೈ ಹಿಡಿದಳು.

"ಧಾರೆ ಆಗೋಗಂಟ ಇರ್ಲಿ ಕಣಮ್ಮ."

"ಸತ್ತೋಯ್ತೀಯ ಕಣೇ!"

"ಪ್ರತಿ ಸಲ ನೋಡಕ್ಕೆ ಬಂದೋರು ಬ್ಯಾಡ ಅಂದೋದಾಗ ನೀನು ಒಲೆ ಮುಂದೆ ಕೂತ್ಕಂಡು ಅಳ್ತಿದ್ಯಲ್ಲ. ಇನ್ನೊಂದ್ಸಲ ಅದ್ನ ನನ್ ಕೈಲಿ ನೋಡಕ್ಕಾಗಲ್ಲ."

ನರಸಮ್ಮ ಗಂಡನ ಕಡೆ ತಿರುಗಿದಳು. "ನೀವಾದ್ರೂ ಯೋಳ್ರೀ. ಹೋಗಿ ಅವ್ರಿಗೆ ನಿಜ ಯೋಳ್ಬುಟ್ಟು ಬನ್ನಿ."

"ತಾಂಬೂಲ ಆಗೋಯ್ತಲ್ಲೇ," ಎಂದು ಆವುಲಪ್ಪ ತಲೆ ತಗ್ಗಿಸಿ ಕುಳಿತ.

ಅಷ್ಟರಲ್ಲಿ ಹುಡುಗಿ ಸೀಸೆ ಕಿತ್ತುಕೊಂಡು ಒಂದು ಮಾತ್ರೆ ಬಾಯಿಗೆ ಹಾಕಿಕೊಂಡೇಬಿಟ್ಟಳು. ಅದು ಒಣಗಿದ ಗಂಟಲಲ್ಲಿ ಸಿಕ್ಕಿಕೊಂಡು ಉಸಿರು ಮೇಲೆ ಕೆಳಗೆ ಆಗತೊಡಗಿತು. ನರಸಮ್ಮ ಬೆನ್ನಿಗೆ ಗುದ್ದಿದಳು, ಉಗಿಯೇ ಉಗಿಯೇ ಎಂದು ಕೂಗಿದಳು. ಮಗಳು ತುಟಿ ಬಿಗಿಹಿಡಿದು, ಬಾತ ಕಣ್ಣಲ್ಲೇ ನೀರಿನ ಬಿಂದಿಗೆ ತೋರಿಸಿದಳು.

ನರಸಮ್ಮ ಅಳುತ್ತ ಓಡಿಹೋಗಿ ಲೋಟದ ತುಂಬ ನೀರು ತಂದು, ಮಗಳ ತಲೆ ಹಿಡಿದು, ತಾನೇ ಕುಡಿಸಿದಳು.