ಏಳು ವಾರದ ದೊಡ್ಡಣ್ಣ

ನನ್ನ ಅಪ್ಪನೂ ತಮ್ಮನೂ ಮಾತು ಬಿಟ್ಟು ಹದಿನೇಳು ದಿನಗಳಾಗಿದ್ದವು. ಮಾತು ಬಿಟ್ಟಿದ್ದರು ಎಂದರೆ ಬಾಯಿ ಮುಚ್ಚಿಕೊಂಡಿದ್ದರು ಎಂದಲ್ಲ. ಅಷ್ಟು ಪುಣ್ಯ ನಾನೆಲ್ಲಿ ಮಾಡಿದ್ದೇನೆ! ಒಂದೇ ಕೋಣೆಯಲ್ಲಿ, ಎರಡು ಮಾರು ದೂರದಲ್ಲಿ ನಿಂತು, ಇಬ್ಬರೂ ನನ್ನ ಮೂಲಕ ಮಾತಾಡುತ್ತಿದ್ದರು.

"ನಿನ್ನ ತಮ್ಮನಿಗೆ ಹೇಳು, ಮೂರನೇ ಟ್ಯಾಂಕ್ ಬಿಸಿಯಾಗ್ತಿದೆ ಅಂತ."

"ಅಪ್ಪನಿಗೆ ಹೇಳಕ್ಕ, ನಂಗೂ ಕಣ್ಣಿದೆ ಅಂತ."

ಇಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತದೆ. ಆದರೂ ನಾನು ಅದನ್ನೇ ಇನ್ನೊಮ್ಮೆ ಹೇಳುವವರೆಗೂ ಉತ್ತರವಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಲ್ಲುವರು. ನಲವತ್ತೊಂದು ವರ್ಷದ ಹೆಂಗಸು, ಕೈಕೆಳಗೆ ಒಂದು ಪ್ರಯೋಗಾಲಯ, ಅಂಥವಳು ಅಂಚೆ ಡಬ್ಬಿಯಾಗಿ ಹೋದೆ.

ಜಗಳ ಹುಟ್ಟಿದ್ದು ಒಂದು ಟ್ಯಾಂಕಿನಿಂದ. ನಮ್ಮದು ಸಣ್ಣ ಬಿಯರ್ ಕಾರ್ಖಾನೆ. ಸುತ್ತಲಿನ ಏಳೆಂಟು ಊರುಗಳ ಅಂಗಡಿಗಳಿಗೆ ನಮ್ಮ ಬಾಟಲಿ ಹೋಗುತ್ತದೆ, ಅದಕ್ಕಿಂತ ದೂರ ಹೋಗುವುದಿಲ್ಲ. ಅಪ್ಪ ಶುರು ಮಾಡಿದ್ದು. ಈಗ ಬಿಯರ್ ಮಾಡುವವನು ತಮ್ಮ. ಪರೀಕ್ಷೆ ಮಾಡುವುದು, ಬರೆದಿಡುವುದು, ಇವರಿಬ್ಬರನ್ನು ಸಂಭಾಳಿಸುವುದು ನನ್ನ ಪಾಲು. ಇರುವುದು ನಾಲ್ಕು ಟ್ಯಾಂಕು, ನಾಲ್ಕು ಬಗೆಯ ಬಿಯರು.

ಅದರಲ್ಲಿ ಅಪ್ಪನ ಮೊದಲ ಬಿಯರಿಗೆ ಮನೆಯಲ್ಲಿ ದೊಡ್ಡಣ್ಣ ಎಂದೇ ಹೆಸರು. ನಾನು ಹುಟ್ಟುವುದಕ್ಕೆ ಒಂದು ವರ್ಷ ಮೊದಲು ಹುಟ್ಟಿದ್ದು, ಹಾಗಾಗಿ ಲೆಕ್ಕದ ಪ್ರಕಾರ ನನಗೆ ಅಣ್ಣನೇ. ಉಳಿದ ಬಿಯರುಗಳು ಎರಡು ಮೂರು ವಾರಕ್ಕೆ ತಯಾರಾಗಿ ಎದ್ದು ಹೋಗುತ್ತವೆ. ದೊಡ್ಡಣ್ಣ ಮಾತ್ರ ತಣ್ಣನೆಯ ಟ್ಯಾಂಕಿನಲ್ಲಿ ಏಳು ವಾರ ಮಲಗುತ್ತಾನೆ. ಅವಸರ ಮಾಡಿದರೆ ಕೆಟ್ಟು ಹೋಗುತ್ತಾನೆ. ಅವನನ್ನು ಕೇಳಿಕೊಂಡು ಬರುವವರು ಈಗ ತಲೆ ನರೆತವರಷ್ಟೇ.

ತಮ್ಮ ಎಂಟು ತಿಂಗಳಿಂದ ಮೂಲೆಯ ಸಣ್ಣ ಪಾತ್ರೆಯೊಂದರಲ್ಲಿ ಹೊಸ ಬಿಯರ್ ಮಾಡುತ್ತಿದ್ದ. ಹಗುರ, ಚೂರು ಕಹಿ, ಎರಡೇ ವಾರಕ್ಕೆ ತಯಾರು. ಹೆಸರು ಮಿಂಚು. ಅದಕ್ಕೊಂದು ಟ್ಯಾಂಕು ಬೇಕಾಯಿತು. "ದೊಡ್ಡಣ್ಣ ಒಬ್ಬನೇ ಏಳು ವಾರ ಹಾಸಿಗೆ ಬಿಟ್ಟು ಏಳಲ್ಲ. ಅಷ್ಟರಲ್ಲಿ ನಂದು ಮೂರು ಸಲ ಆಗುತ್ತೆ," ಎಂದ. ಅಪ್ಪ ಮಿಂಚಿನ ಒಂದು ಗುಟುಕು ಕುಡಿದು, "ಕೆಮ್ಮಿಗೆ ಒಳ್ಳೇದು," ಎಂದು ಗ್ಲಾಸು ಕೆಳಗಿಟ್ಟ. ಅಂದಿಗೆ ಮಾತು ನಿಂತಿತು.

ಕೊನೆಗೆ ದಾರಿ ತೋರಿಸಿದವಳು ಅತ್ತೆ. ಅತ್ತೆ ಎಂದರೆ ಅಪ್ಪನ ತಂಗಿ. ಕಾರ್ಖಾನೆಯ ಮುಂಭಾಗದ ಮಾರಾಟದ ಕಟ್ಟೆ ಅವಳ ರಾಜ್ಯ.

"ಹೆತ್ತವರಿಗೆ ಹೆಗ್ಗಣ ಮುದ್ದು," ಎಂದಳು. "ನಿಮ್ಮಿಬ್ಬರನ್ನ ಕೇಳಿದ್ರೆ ಈ ಜನ್ಮದಲ್ಲಿ ತೀರ್ಮಾನ ಆಗಲ್ಲ. ಐದನ್ನೂ ಕಪ್ಪು ಗ್ಲಾಸಲ್ಲಿ ಇಟ್ಟು ಅಂಕ ಹಾಕೋಣ. ಕಮ್ಮಿ ಬಿದ್ದದ್ದು ಗಂಟುಮೂಟೆ ಕಟ್ಲಿ."

ಅಪ್ಪ ನಕ್ಕ. "ಹಾಕಿ, ಹಾಕಿ. ನನ್ನ ಬಿಯರನ್ನ ನಾನು ನಿದ್ದೇಲೂ ಗುರುತು ಹಿಡೀತೀನಿ."

"ಗುರುತು ಹಿಡಿದ್ರೆ ನಿನ್ನ ಚೀಟಿ ರದ್ದು, ಅಣ್ಣ. ಯಾರು ಮಾಡಿದ್ದು ಆ ರೂಲು?"

ಮಾಡಿದ್ದು ಅಪ್ಪನೇ. ರುಚಿ ಕೋಣೆಯ ಗೋಡೆಯ ಮೇಲೆ ಅವನದೇ ದುಂಡಕ್ಷರದಲ್ಲಿ ಬರೆದ ಹಲಗೆ ಮೂವತ್ತು ವರ್ಷಗಳಿಂದ ನೇತಾಡುತ್ತಿದೆ: ಯಾವ ಗ್ಲಾಸು ಯಾವುದೆಂದು ಗುರುತು ಸಿಕ್ಕವರು ಒಡನೆಯೇ ಹೇಳತಕ್ಕದ್ದು, ಅಂಥವರ ಚೀಟಿ ರದ್ದು. ಅಪ್ಪನ ನಗು ನಿಂತಿತು. "ಆಯ್ತು, ಗುರುತು ಸಿಕ್ರೆ ಹೇಳ್ತೀನಿ," ಎಂದ.

ಹೇಳುವವನೇ ಇವನು? ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ. ದೊಡ್ಡಣ್ಣನನ್ನು ಗುರುತು ಹಿಡಿದು, ಬಾಯಿ ಮುಚ್ಚಿಕೊಂಡು, ಇಪ್ಪತ್ತಕ್ಕೆ ಇಪ್ಪತ್ತು ಹಾಕಿಯೇ ಹಾಕುತ್ತಾನೆ ಎಂದು ನನಗೆ ಖಾತ್ರಿಯಿತ್ತು. ಹಾಗೇನಾದರೂ ಮಾಡಿದರೆ ಮುಖಕ್ಕೆ ಹೊಡೆದ ಹಾಗೆ ಕೇಳಬೇಕೆಂದು ಮಾತನ್ನೂ ಹೊಂದಿಸಿಟ್ಟುಕೊಂಡಿದ್ದೆ.

ಬೆಳಿಗ್ಗೆ ಹತ್ತು ಗಂಟೆಗೆ ಶುರು. ಆ ಹೊತ್ತಿಗೆ ನಾಲಿಗೆ ಚೊಕ್ಕಟವಾಗಿರುತ್ತದೆ. ಕಾಫಿ ಕೂಡದು, ಸೆಂಟು ಕೂಡದು. ಅತ್ತೆ ಕೈಗೆ ಕ್ರೀಮು ಹಚ್ಚಿಕೊಂಡು ಬಂದಿದ್ದಳು. ಎರಡು ಸಲ ಕೈ ತೊಳೆಸಿದರೂ ಗುಲಾಬಿ ವಾಸನೆ ಹೋಗಲಿಲ್ಲ, ಮೂರನೆಯ ಸಲ ಬಟ್ಟೆ ಸೋಪು ಕೊಟ್ಟೆ. "ಚರ್ಮ ಕಿತ್ತು ಬಂತಲ್ಲೇ, ಮಾರಾಯ್ತಿ!" ಎಂದು ಬೈದಳು.

ಅಪ್ಪ, ತಮ್ಮ, ಅತ್ತೆ ಬಿಟ್ಟರೆ ರುಚಿ ನೋಡಲು ಕೂತ ನಾಲ್ಕನೆಯವರು ಟ್ಯಾಂಕು ತೊಳೆಯುವವರು. ಇಪ್ಪತ್ತು ವರ್ಷದಲ್ಲಿ ಅವರು ನಮ್ಮೆದುರು ಆಡಿದ್ದು 'ಹೂಂ' ಮತ್ತು 'ಉಹೂಂ' ಎರಡೇ ಮಾತು. ಅದಕ್ಕೇ ನಾವೆಲ್ಲ ಅವರನ್ನು ಕರೆಯುವುದೂ 'ಹೂಂ' ಎಂದೇ. ಅವರ ಮೂಗು ಮಾತ್ರ ನನ್ನ ಉಪಕರಣಗಳಿಗಿಂತ ಚುರುಕು.

ಬಣ್ಣ ಕಾಣದಂತೆ ಕಪ್ಪು ಗ್ಲಾಸು. ಒಂದು, ಎರಡು ಎಂದು ಬರೆದರೆ ಜನ ಒಂದಕ್ಕೇ ಹೆಚ್ಚು ಅಂಕ ಹಾಕುತ್ತಾರೆ. ಅದಕ್ಕೆ ಪ್ರತಿ ಗ್ಲಾಸಿಗೂ ಮನಸ್ಸಿಗೆ ಬಂದ ಮೂರಂಕಿ ಸಂಖ್ಯೆ. ಅಂದು ದೊಡ್ಡಣ್ಣ ೪೧೭, ಮಿಂಚು ೨೮೬. ಯಾವ ಸಂಖ್ಯೆ ಯಾವ ಬಿಯರು ಎಂಬ ಪಟ್ಟಿ ಇದ್ದದ್ದು ನನ್ನ ಬಿಳಿ ಕೋಟಿನ ಜೇಬಿನಲ್ಲಿ ಮಾತ್ರ. ಮಾತಾಡಬಾರದು, ಮುಖ ಕಿವುಚಬಾರದು, ಬಾಯಲ್ಲಾಡಿಸಿ ಬಕೆಟ್ಟಿಗೆ ಉಗಿಯಬೇಕು. ಇಲ್ಲದಿದ್ದರೆ ಹನ್ನೊಂದು ಗಂಟೆಗೆ ಕಾರ್ಖಾನೆಗೆ ರಜೆ ಕೊಡಬೇಕಾದೀತು.

ನಾಲ್ವರೂ ಪರೀಕ್ಷೆಗೆ ಕೂತ ಮಕ್ಕಳಂತೆ ಚೀಟಿಗೆ ಕೈ ಅಡ್ಡ ಹಿಡಿದು ಬರೆದರು. ನಾನು ಅಪ್ಪನ ಮೇಲೆಯೇ ಕಣ್ಣಿಟ್ಟಿದ್ದೆ. ೪೧೭ನ್ನು ಮೂಗಿಗೆ ತಂದ. ಕೆಳಗಿಟ್ಟ. ಮತ್ತೆ ಎತ್ತಿಕೊಂಡು ಕುಡಿದ. ಉಳಿದ ನಾಲ್ಕನ್ನೂ ಉಗಿದವನು ಇದನ್ನು ನುಂಗಿದ. ಗುರುತು ಸಿಕ್ಕಿತು ಎಂದು ಹೇಳಲಿಲ್ಲ. ಬಕೆಟ್ಟು ಮರೆತ, ವಯಸ್ಸಾಯಿತು ಎಂದುಕೊಂಡೆ.

ಚೀಟಿಗಳನ್ನು ಒಳಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡೆ.

ಅತ್ತೆ ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಿದ್ದಳು: 'ಚೆನ್ನಾಗಿದೆ, ಆದರೆ ಚೆನ್ನಾಗಿಲ್ಲ ಅನ್ನುವವರೂ ಇರಬಹುದು.' ಹೂಂ ಅವರ ಅಭಿಪ್ರಾಯದ ಜಾಗದಲ್ಲಿ ಎಲ್ಲ ಕಡೆಯೂ 'ಹೂಂ' ಎಂದೇ ಇತ್ತು. ೪೧೭ಕ್ಕೆ ಮಾತ್ರ 'ಹೂಂ ಹೂಂ'. ತಮ್ಮನ ಚೀಟಿ ನೋಡಿ ನಗು ತಡೆಯಲಾಗಲಿಲ್ಲ. ೨೮೬ಕ್ಕೆ ಹನ್ನೊಂದು ಅಂಕ ಹಾಕಿ ಬರೆದಿದ್ದ: 'ಕಹಿ ಮುಂದೆ ಓಡಿದೆ, ರುಚಿ ಹಿಂದೆ ಉಳಿದಿದೆ. ಮಾಡಿದವನಿಗೆ ಆತುರ.' ಮಾಡಿದವನು ತಾನೇ ಎಂದು ಪಾಪ ಅವನಿಗೆ ಗೊತ್ತೇ ಆಗಿರಲಿಲ್ಲ. ೪೧೭ಕ್ಕೆ ಹದಿನೇಳು ಕೊಟ್ಟಿದ್ದ.

ಆಮೇಲೆ ಅಪ್ಪನ ಚೀಟಿ ತೆರೆದೆ. ೪೧೭ಕ್ಕೆ ಆರು.

ಇಪ್ಪತ್ತಕ್ಕೆ ಆರು! ಹೊಂದಿಸಿಟ್ಟ ಮಾತೆಲ್ಲ ದಂಡವಾಯಿತು. ನಲವತ್ತೆರಡು ವರ್ಷ ತಾನೇ ಸಾಕಿದ್ದನ್ನು ಅಪ್ಪ ಗುರುತಿಸಲಿಲ್ಲವೇ? ಆ ನಾಲಿಗೆ ಹೋಯಿತೇ? ನನಗೆ ನಿಜಕ್ಕೂ ಅಳು ಬಂತು. ಕಣ್ಣೊರೆಸಿಕೊಂಡು ಕೂಡಿದೆ. ದೊಡ್ಡಣ್ಣನಿಗೆ ಒಟ್ಟು ಐವತ್ನಾಲ್ಕು. ಮಿಂಚಿಗೆ ಐವತ್ತೇಳು. ಉಳಿದ ಮೂರೂ ಅರವತ್ತು ದಾಟಿದ್ದವು. ದೊಡ್ಡಣ್ಣ ಗಂಟುಮೂಟೆ ಕಟ್ಟಬೇಕಾದದ್ದು ಅಪ್ಪನದೇ ಆರು ಅಂಕದಿಂದ.

ಆಗ ಅಂಕದ ಪಕ್ಕದ ಸಾಲು ಓದಿದೆ. 'ರುಚಿಯಲ್ಲಿ ಮುಪ್ಪು. ಏಳು ವಾರ ಟ್ಯಾಂಕು ಹಿಡಿದು ಕೂರುವ ಯೋಗ್ಯತೆ ಇದಕ್ಕಿಲ್ಲ.'

ಏಳು ವಾರ! ಕಪ್ಪು ಗ್ಲಾಸಿನಲ್ಲಿದ್ದದ್ದು ಏಳು ವಾರದ್ದು ಎಂದು ಇವನಿಗೆ ಹೇಗೆ ಗೊತ್ತಾಯಿತು? ನಮ್ಮಲ್ಲಿ ಏಳು ವಾರ ಮಲಗುವುದು ಒಂದೇ ಬಿಯರು. ಕೆಳಗೆ ೨೮೬ರ ಮುಂದೆ ಹತ್ತೊಂಬತ್ತು ಅಂಕ: 'ಹೊಸ ಕೈ. ಧೈರ್ಯ ಇದೆ. ಇದಕ್ಕೆ ಜಾಗ ಬಿಟ್ಟು ಕೊಡಬೇಕು.'

ಮೋಸ ಮಾಡಿಯೇ ಮಾಡುತ್ತಾನೆ ಎಂದುಕೊಂಡಿದ್ದೆನಲ್ಲ, ಮಾಡಿದ್ದ. ಆದರೆ ಉಲ್ಟಾ ಮಾಡಿದ್ದ. ಮಗನಿಗೆ ಟ್ಯಾಂಕು ಸಿಗಲಿ ಎಂದು ತನ್ನ ಕೈಯಾರೆ ತನ್ನ ಬಿಯರಿನ ಕತ್ತು ಹಿಸುಕಿದ್ದ. ಹದಿನೇಳು ದಿನ ನೆಟ್ಟಗೆ ಒಂದು ಮಾತಾಡದ ಮನುಷ್ಯ! 'ಟ್ಯಾಂಕು ತಗೋ ಮಗನೇ' ಎನ್ನಲು ಮೂರು ಪದ ಸಾಕಿತ್ತು, ಅದಕ್ಕೆ ಐದು ಗ್ಲಾಸು ಬಿಯರು, ನಾಲ್ಕು ಜನ, ನನ್ನ ಕಣ್ಣೀರು. ಅಳು ಹೋಗಿ ಸಿಟ್ಟು ಬಂತು. ಸಿಟ್ಟೇ ನನಗೆ ಹೆಚ್ಚು ಒಗ್ಗುವುದು.

ಸುಮ್ಮನಿದ್ದರೆ ದೊಡ್ಡಣ್ಣ ಇನ್ನಿಲ್ಲ. ಹೋಗಿ ಕೇಳಿದರೆ ಅಪ್ಪ ಸತ್ತರೂ ಒಪ್ಪುವುದಿಲ್ಲ. ಆದರೆ ಅವನಿಗೆ ಎಲ್ಲಿ ಮುಟ್ಟಿದರೆ ಉರಿಯುತ್ತದೆ ಎಂದು ನನಗೆ ಗೊತ್ತು.

ಹೊರಗೆ ಬಂದು ಮೊದಲು ಒಟ್ಟು ಅಂಕಗಳನ್ನು ಓದಿದೆ. "ದೊಡ್ಡಣ್ಣಂದೇ ಕಮ್ಮಿ."

ಗೆದ್ದ ತಮ್ಮನ ಮುಖದಲ್ಲಿ ನಗು ಇರಲಿಲ್ಲ. "ಅಪ್ಪ ಅದಕ್ಕೆ ಎಷ್ಟು ಹಾಕಿದ್ದಾನಕ್ಕ?"

"ಆರು."

"ಅಯ್ಯೋ, ಅಣ್ಣ!" ಎಂದು ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡಳು. ಅಪ್ಪ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದ.

"ಅಪ್ಪನಿಗೆ ಹೇಳಕ್ಕ," ಎಂದ ತಮ್ಮ, ಮೆಲ್ಲಗೆ. "ಬೇಜಾರು ಮಾಡ್ಕೋಬಾರ್ದು ಅಂತ. ವಯಸ್ಸಾದ್ಮೇಲೆ ಎಲ್ರಿಗೂ ನಾಲಿಗೆ ಮಂದ ಆಗುತ್ತೆ."

ಅಪ್ಪನ ಕಿವಿ ಕೆಂಪಗಾಯಿತು. ನಾನು ಎಣ್ಣೆ ಹೊಯ್ದೆ. "ಹೌದಪ್ಪ, ಇನ್ಮೇಲೆ ನಿಂಗೆ ಈ ರುಚಿ ನೋಡೋ ತಾಪತ್ರಯ ಬೇಡ. ನಾಳೆಯಿಂದ ಆರಾಮಾಗಿ ಕೂತು ಬಾಟಲಿಗೆ ಲೇಬಲ್ ಅಂಟಿಸು."

"ಪಾಪ, ಅದೂ ನೆಟ್ಟಗೆ ಅಂಟುತ್ತೋ ಇಲ್ವೋ," ಎಂದಳು ಅತ್ತೆ, ನಿಜವಾದ ಕನಿಕರದಿಂದ.

"ಬಿಡಿ ಅತ್ತೆ. ನಾಲಿಗೆ ಮಂದ ಆಗೋದು ತಪ್ಪಲ್ಲ," ಎಂದ ತಮ್ಮ.

"ಯಾರದ್ದೋ ಮಂದ?" ಅಪ್ಪ ಗರ್ರನೆ ತಿರುಗಿದ. "ಯಾರ ನಾಲಿಗೆನೋ ಮಂದ? ನಾನೂರ ಹದಿನೇಳು ತಾನೆ? ಬಾಯಿಗೆ ಹಾಕೋದೇ ಬೇಡ, ಮೂಗಿನ ಹತ್ರ ತಂದ ತಕ್ಷಣ ಗೊತ್ತಾಯ್ತು! ನಿಂದು ಇನ್ನೂರ ಎಂಬತ್ತಾರು! ಇನ್ನು ಮೂರೂ ಹೇಳ್ಲಾ? ಹೇಳ್ಲೇನೋ?"

ಹೇಳಿಯೂ ಬಿಟ್ಟ. ಮೂರೂ ಸರಿ. ಎದೆ ಸೆಟೆಸಿ ನಿಂತವನಿಗೆ ತಾನು ಏನು ಮಾಡಿಕೊಂಡೆ ಎನ್ನುವುದು ನಿಧಾನವಾಗಿ ತಲೆಗೆ ಇಳಿಯಿತು. ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಸುಮ್ಮನೆಯೇ?

ಆಗ ಹೂಂ ಅವರು ಗಂಟಲು ಸರಿಮಾಡಿಕೊಂಡರು. "ಯಜಮಾನ್ರೇ," ಎಂದರು, "ಗೋಡೆ ಮೇಲೆ ರೂಲಿದೆ."

ಎಲ್ಲರೂ ಹಲಗೆಯ ಕಡೆ ನೋಡಿದೆವು. ನಾನು ಅಪ್ಪನ ಚೀಟಿಗೆ ಅಡ್ಡಗೆರೆ ಎಳೆದೆ. ಉಳಿದ ಮೂವರ ಅಂಕ ಕೂಡಿದರೆ ದೊಡ್ಡಣ್ಣನಿಗೆ ನಲವತ್ತೆಂಟು, ಮಿಂಚಿಗೆ ಮೂವತ್ತೆಂಟು. ಎಲ್ಲಕ್ಕಿಂತ ಕಡಿಮೆ ಮಿಂಚಿಗೇ. ಟ್ಯಾಂಕು ದೊಡ್ಡಣ್ಣನದೇ.

ತಮ್ಮ ರದ್ದಾದ ಚೀಟಿಗೆ ಕೈಚಾಚಿದ. ಕೊಟ್ಟೆ. ಓದಿದ. ಮತ್ತೊಮ್ಮೆ ಓದಿದ. ನನ್ನ ಕಡೆ ತಿರುಗುತ್ತಾನೆ, 'ಅಪ್ಪನಿಗೆ ಹೇಳಕ್ಕ' ಎನ್ನುತ್ತಾನೆ ಎಂದು ಕಾದೆ. ತಿರುಗಲಿಲ್ಲ.

"ಅಪ್ಪ, ನೀನು ನಂದಕ್ಕೆ ಹತ್ತೊಂಬತ್ತು ಕೊಟ್ಟಿದ್ದು ಸುಳ್ಳಾ?"

ಅಪ್ಪ ಮೂಗು ಉಜ್ಜಿಕೊಂಡ. "ಸುಳ್ಳು. ನೀನೆಷ್ಟು ಕೊಟ್ಕೊಂಡೆ?"

"ಹನ್ನೊಂದು."

"ಅದೂ ಸುಳ್ಳು. ಹದಿನಾಲ್ಕು ಕೊಡಬಹುದು." ಅಪ್ಪ ಕಿಟಕಿಯ ಕಡೆ ತಿರುಗಿ ಹೇಳಿದ, "ಧೈರ್ಯ ಇದೆ ಅಂತ ಬರೆದಿದ್ದು ನಿಜ."

ತಮ್ಮ ತಲೆ ತಗ್ಗಿಸಿ ಚೀಟಿಯನ್ನು ನಾಲ್ಕು ಮಡಿಕೆ ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡ. ಕಡತಕ್ಕೆ ಸೇರಬೇಕಾದ ಚೀಟಿ ಅದು, ನಾನು ಕೇಳಲಿಲ್ಲ.

"ಇನ್ನೊಂದು ವಾರ ಮಲಗಿಸೋ ಅದನ್ನ," ಎಂದ ಅಪ್ಪ. "ಕಹಿ ತಾನಾಗೇ ಹಿಂದೆ ಸರಿಯುತ್ತೆ."

"ಎಲ್ಲಿ ಮಲಗಿಸ್ಲಿ? ನಿನ್ನ ತಲೆ ಮೇಲಾ? ಟ್ಯಾಂಕೆಲ್ಲಿದೆ?"

"ದೊಡ್ಡಣ್ಣನ್ನ ವರ್ಷಕ್ಕೆ ಒಂದು ಸಲ ಮಾಡಿದ್ರೆ ಸಾಕು. ಉಳಿದ ದಿನ ಆ ಟ್ಯಾಂಕ್ ನೀನೇ ಇಟ್ಕೋ."

"ಒಂದು ಸಲ ಯಾರಿಗೆ ಸಾಕಾಗುತ್ತಪ್ಪ? ಮೂರು ಸಲ ಮಾಡೋಣ."

"ಮೂರು ಸಲ ಮಾಡಿದ್ರೆ ನಿಂದಕ್ಕೆ ಏನು ಉಳೀತದೆ, ಪೆದ್ದ? ಒಂದೇ!"

"ಮೂರು!"

"ಒಂದು ಅಂದ್ರೆ ಒಂದು!"

ಎತ್ತು ಏರಿಗೆಳೆದರೆ ಕೋಣ ನೀರಿಗೆ. ಅತ್ತೆ ಇಬ್ಬರ ನಡುವೆ ನಿಂತು "ಎರಡು, ಎರಡು" ಎಂದು ಕೂಗುತ್ತಿದ್ದಳು, ಅವಳ ಮಾತು ಯಾರಿಗೂ ಬೇಕಿರಲಿಲ್ಲ. ಹೂಂ ಅವರು ಬಕೆಟ್ಟು ಎತ್ತಿಕೊಂಡು ಹೊರಗೆ ಹೋದರು.

ಐದು ನಿಮಿಷ ಕಳೆದ ಮೇಲೆ ನನ್ನ ಲಕ್ಷ್ಯಕ್ಕೆ ಬಂತು, 'ಹೇಳು' ಎಂದು ನನಗೆ ಯಾರೂ ಹೇಳಿರಲಿಲ್ಲ. ಹದಿನೇಳು ದಿನದ ನೌಕರಿ ಹೋಗಿತ್ತು. ಕುರ್ಚಿ ಎಳೆದು ಕುಳಿತೆ. ಪಟ್ಟಿ ಇಟ್ಟುಕೊಂಡವರು ರುಚಿ ನೋಡುವಂತಿಲ್ಲ, ಬೆಳಿಗ್ಗೆಯಿಂದ ಒಂದು ಹನಿಯೂ ನನ್ನ ಬಾಯಿಗೆ ಬಿದ್ದಿರಲಿಲ್ಲ. ಅಪ್ಪನ ೪೧೭ರ ತಳದಲ್ಲಿ ಎರಡು ಗುಟುಕು ಉಳಿದಿತ್ತು. ಕುಡಿದೆ.

ಇಪ್ಪತ್ತಕ್ಕೆ ಹದಿನಾರು. ಕೊನೆಯಲ್ಲಿ ಸ್ವಲ್ಪ ಸಿಹಿ ಹೆಚ್ಚು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.